ಪೈಲಟ್ ಕ್ರೋನೋನಾ, ಹಳೇ ಸ್ಟೈಲ್ ಡ್ರೆಸ್ ವಾಚಾ? ಮೊದ್ಲು ಗುಂಡಿ ನೋಡಿ

ವಾಚ್ ರಿಪೇರಿ ಮಾಡೋರಿಗೆ ಜನ ಜಾಸ್ತಿ ಕೇಳೋ ಪ್ರಶ್ನೆ ಇದು, ಇರೋ ಬಜೆಟ್ಟಲ್ಲಿ ಪೈಲಟ್ ಥರದ ಕ್ರೋನೋಗ್ರಾಫ್ (ಒಳಗೇ ಸ್ಟಾಪ್‌ವಾಚ್ ಇರೋ ವಾಚು) ತಗೊಳ್ಲಾ ಇಲ್ಲಾ ಹಳೇ ಕಾಲದ ಲುಕ್ ಇರೋ ಡ್ರೆಸ್ ವಾಚ್ ತಗೊಳ್ಲಾ ಅಂತ. ನಾನು ವಾಪಸ್ ಕೇಳೋದು ಒಂದೇ: ಆ ಸ್ಟಾಪ್‌ವಾಚ್ ಗುಂಡಿನ ನೀವು ನಿಜವಾಗ್ಲೂ ಒತ್ತೀರಾ? ಒತ್ತಲ್ಲ ಅಂದ್ರೆ ದುಡ್ಡು ಕೊಟ್ಟು ಕೇಸಿಗೆ ಎರಡು ತೂತು ಜಾಸ್ತಿ ಮಾಡಿಸ್ಕೊಂಡಂಗೆ ಅಷ್ಟೇ. ಪ್ರತಿ ಪುಷರ್ (ಅದೇ ಆ ಗುಂಡಿ) ಒಳಗೂ ಒಂದು ಸಣ್ಣ ರಬ್ಬರ್ ರಿಂಗ್ ಇರತ್ತೆ, ವರ್ಷ ಕಳೀತಾ ಅದು ಗಟ್ಟಿಯಾಗಿ ಹಿಡಿತ ಬಿಡತ್ತೆ, ಬೆವರು ನೀರು ಒಳಗೆ ಇಳಿಯೋದು ಅಲ್ಲಿಂದ್ಲೇ. ನೀರು ತಡೆಯೋಕೆ 100 ಮೀಟರ್ ಅಂತ ಬರ್ದಿರೋ ವಾಚಾದ್ರೂ ಕಂಪನಿ ಬೇರೆ ಥರ ಹೇಳದೇ ಇದ್ರೆ ನೀರೊಳಗೆ ಆ ಗುಂಡಿ ಮುಟ್ಟೋ ಹಾಗಿಲ್ಲ.

ಪೈಲಟ್ ಅನ್ನೋ ಹೆಸರಿಗೂ ತೀರಾ ಮರುಳಾಗ್ಬೇಡಿ. 1940ರ ದಶಕದ ಜರ್ಮನ್ ವಾಯುಪಡೆಯ ಬಿ-ಊರ್ ವಾಚುಗಳು 55 ಎಂಎಂ ಅಗಲ, ಜಾಕೆಟ್ ತೋಳಿನ ಮೇಲೆ ಕಟ್ಕೊಳ್ತಿದ್ರು, ಅವು ಕ್ರೋನೋಗ್ರಾಫೇ ಅಲ್ಲ. ಡಯಲ್ ಸುತ್ತ ಲೆಕ್ಕ ಹಾಕೋ ಸ್ಕೇಲ್ ಇರೋ ಲುಕ್ ಹೆಸರಾಗಿದ್ದು 1952ರ ಬ್ರೈಟ್ಲಿಂಗ್ ನ್ಯಾವಿಟೈಮರ್‌ನಿಂದ, ಅದನ್ನ ನೋಡಿ ಮಾಡಿದ ಅಗ್ಗದ ವಾಚುಗಳಲ್ಲಿ ಆ ಅಂಕಿ ಓದೋಕೆ ನನ್ನ ಭೂತಗನ್ನಡಿನೇ ಬೇಕು.

ಆದ್ರೂ ತಗೊಳ್ಳೋದೇ ಅಂತಾದ್ರೆ ಒಳಗೆ ಸೀಕೋ ಕಂಪನಿಯ ವಿಕೆ63 ಇಲ್ಲಾ ವಿಕೆ64 ಮೂವ್‌ಮೆಂಟ್ ಇರೋದು ನೋಡಿ, ಮೂವ್‌ಮೆಂಟ್ ಅಂದ್ರೆ ವಾಚಿನ ಒಳಗಿನ ಯಂತ್ರ. ಟೈಮ್ ನಡ್ಸೋದು ಸೆಲ್ಲು, ಆದ್ರೆ ರೀಸೆಟ್ ಮಾತ್ರ ಮೆಕ್ಯಾನಿಕಲ್. ಕೆಳಗಿನ ಗುಂಡಿ ಒತ್ತಿದ್ರೆ ಉದ್ದ ಮುಳ್ಳು ಟಪ್ ಅಂತ 12ಕ್ಕೆ ಹೋಗಿ ನಿಲ್ಲತ್ತೆ. ಮಾಮೂಲಿ ಕ್ವಾರ್ಟ್ಜ್ (ಸೆಲ್ಲಲ್ಲಿ ನಡೆಯೋ) ಕ್ರೋನೋದಲ್ಲಿ ಮುಳ್ಳು ಓಡ್ಕೊಂಡು ಹೋಗಿ ಸೇರತ್ತೆ, ಸೆಲ್ ಬದಲಾಯಿಸಿದ್ಮೇಲೆ ಒಂದೊಂದ್ಸಲ 12 ಬಿಟ್ಟು ಪಕ್ಕದಲ್ಲೇ ನಿಂತ್ಬಿಡತ್ತೆ, ಆಗ ವಾಚ್ ಕೆಟ್ಟೋಯ್ತು ಅಂತ ತರ್ತಾರೆ. ಕೆಟ್ಟಿರಲ್ಲ, ಎಷ್ಟೋ ಮಾಡೆಲ್ಲಲ್ಲಿ ಕೀ ಎಳೆದು ಪುಷರ್ ಒತ್ತುತ್ತಾ ಹೋದ್ರೆ ಮುಳ್ಳು ಒಂದೊಂದೇ ಹೆಜ್ಜೆ ಸರಿದು ಜಾಗಕ್ಕೆ ಬರತ್ತೆ. ಅಂದ ಹಾಗೆ ವಿಕೆ63 ಡಯಲ್ಲಲ್ಲಿ 3ರ ಹತ್ರ ಇರೋ ಚಿಕ್ಕ ಮುಳ್ಳು ಸ್ಟಾಪ್‌ವಾಚಿನ ಗಂಟೆ ಎಣಿಸಲ್ಲ, ಅದು ಬರೀ 24 ಗಂಟೆ ತೋರ್ಸೋದು.

ಇನ್ನು ಡ್ರೆಸ್ ವಾಚು. ಓರಿಯಂಟ್ ಕಂಪನಿಯ ಬ್ಯಾಂಬಿನೋನೇ ತಗೊಳ್ಳಿ, ಉಬ್ಬಿದ ಗ್ಲಾಸು, ತೆಳ್ಳಗಿನ ಮುಳ್ಳು, ನಿಜಕ್ಕೂ ಚೆಂದ. ತೊಂದ್ರೆನೂ ಆ ಗ್ಲಾಸಲ್ಲೇ ಇದೆ, ಅದು ಅಂಚಿಗಿಂತ ಮೇಲೆ ಎದ್ದಿರೋದ್ರಿಂದ ಬಾಗಿಲಿಗೋ ಗೋಡೆಗೋ ಕೈ ತಾಗಿದ್ರೆ ಮೊದಲ ಏಟು ಅದಕ್ಕೇ. ಅಕ್ರಿಲಿಕ್ ಆಗಿದ್ರೆ ಪಾಲಿಶ್ ಪೇಸ್ಟ್ ಹಾಕಿ ಉಜ್ಜಿದ್ರೆ ಗೀರು ಹೋಗತ್ತೆ, ಇದು ಮಿನರಲ್ ಗ್ಲಾಸು, ಆಳವಾಗಿ ಗೀರು ಬಿದ್ರೆ ಬದಲಾಯಿಸೋದೇ ಸರಿ. ಸೆಲ್ಲಿಲ್ದೆ ಕೈ ಆಡಿದ ಹಾಗೆ ತಾನೇ ಕೀ ತುಂಬ್ಕೊಳ್ಳೋ ಆಟೋಮ್ಯಾಟಿಕ್ ಮೂವ್‌ಮೆಂಟು, ಮೇಲೆ ಆ ಗ್ಲಾಸು ಸೇರಿ ದಪ್ಪ ಸುಮಾರು 12 ಎಂಎಂ ಆಗತ್ತೆ, ತೋಳಿನ ಬಟನ್ ಹಾಕಿದ್ಮೇಲೆ ಶರ್ಟೊಳಗೆ ಜಾರತ್ತಾ ಅಂತ ಹಾಕಿ ನೋಡಿನೇ ತಗೊಳ್ಳಿ. 30 ಮೀಟರ್ ಅಂದ್ರೆ ಕೈ ತೊಳೀವಾಗ ಹನಿ ಬಿದ್ರೆ ಏನಾಗಲ್ಲ ಅಂತ, ಈಜೋಕಲ್ಲ. ಬಿಚ್ಚಿಟ್ರೆ ಸುಮಾರು 40 ಗಂಟೆಗೆ ನಿಲ್ಲತ್ತೆ, ಶುಕ್ರವಾರ ಸಂಜೆ ಬಿಚ್ಚಿಟ್ರೆ ಸೋಮವಾರ ಬೆಳಿಗ್ಗೆ ಕೀ ಕೊಟ್ಟು ಟೈಮು ತಾರೀಕು ಎರಡೂ ಸರಿ ಮಾಡ್ಬೇಕು. ತಾರೀಕನ್ನ ರಾತ್ರಿ 9ರಿಂದ ಬೆಳಗಿನ ಜಾವ 3ರ ಮಧ್ಯ ಮಾತ್ರ ತಿರುಗಿಸ್ಬೇಡಿ, ಆ ಹೊತ್ತಿಗೆ ಒಳಗಿನ ಚಕ್ರದ ಹಲ್ಲುಗಳು ಒಂದಕ್ಕೊಂದು ಕಚ್ಕೊಂಡಿರ್ತವೆ, ಬಲವಂತ ಮಾಡಿದ್ರೆ ಮುರೀತವೆ. ದಿನಕ್ಕೆ ಹತ್ತಿಪ್ಪತ್ತು ಸೆಕೆಂಡ್ ಆಚೀಚೆ ಆದ್ರೆ ಗಾಬರಿ ಬೇಡ, ವಿಕೆ63 ಥರದ್ದು ತಿಂಗಳಿಗೆ 20 ಸೆಕೆಂಡೊಳಗೆ ಇರತ್ತೆ.

ನನ್ನ ಲೆಕ್ಕದಲ್ಲಿ ಒಂದೇ ವಾಚು, ದಿನಾ ಹಾಕೋದು, ಗುಂಡಿ ಒತ್ತೋ ಅಭ್ಯಾಸನೂ ಇದೆ ಅಂದ್ರೆ ಕ್ರೋನೋ. ಅಡುಗೆಗೋ ಓಟಕ್ಕೋ ಫೋನಲ್ಲೇ ಟೈಮರ್ ಇಡ್ತೀರಾ ಅಂದ್ರೆ ಡ್ರೆಸ್ ವಾಚೇ ಸಾಕು, ಗೀರು ಬೀಳತ್ತೆ ಅಂತ ಗೊತ್ತಿದ್ದೇ ತಗೊಳ್ಳಿ. ಕ್ರೋನೋ ತಗೊಂಡೋರು ಇನ್ನೊಂದು ನೆನಪಿಟ್ಕೊಳ್ಳಿ, ವಾಚ್ ನಿಂತ್ಮೇಲೆ ಸೆಲ್ಲನ್ನ ಒಳಗೇ ಬಿಟ್ಟು ಡ್ರಾಯರಿಗೆ ಹಾಕ್ಬೇಡಿ, ಅದು ಸೋರಿ ಸರ್ಕ್ಯೂಟ್ ತಿಂದ್ಬಿಟ್ರೆ ಆಮೇಲೆ ಮೂವ್‌ಮೆಂಟೇ ಬದಲಾಯಿಸ್ಬೇಕಾಗತ್ತೆ.