ಓದುಗರ ಪ್ರಶ್ನೆ: ಹಸಿರಿಗೆ ‘ಕಲೆನ್’ ಅನ್ನುವುದಾದರೆ ‘ಪರ್ಥ್ ಗಲೆನ್’ ಎಲ್ಲಿಂದ ಬಂತು?

ಪ್ರಶ್ನೆ: ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯಲ್ಲಿ ಬರುವ ‘ಪರ್ಥ್ ಗಲೆನ್’ ಅಂದರೆ ಹಸಿರು ಹುಲ್ಲುಹಾಸು ಎಂದು ಓದಿದ್ದೆ. ಆದರೆ ಸಿಂಡರಿನ್ ಪದಪಟ್ಟಿಯಲ್ಲಿ ‘ಗಲೆನ್’ ಸಿಗಲೇ ಇಲ್ಲ. ಹಸಿರಿಗೆ ‘ಕಲೆನ್’ ಅಂತಿದೆ. ಯಾವುದು ಸರಿ?

ಎರಡೂ ಸರಿ, ಯಾಕಂದರೆ ಎರಡೂ ಒಂದೇ ಪದ. ಸಿಂಡರಿನ್ ಅಂದರೆ ತನ್ನ ಕಥೆಯ ಎಲ್ಫ್ ಎಂಬ ಜನಾಂಗಕ್ಕಾಗಿ ಟೋಲ್ಕಿನ್ ಕಟ್ಟಿದ ಭಾಷೆ. ಈ ಭಾಷೆಯಲ್ಲಿ ‘ಹುಲ್ಲುಹಾಸು ಹಸಿರು’ ಎನ್ನುವ ಹಾಗೆ ಗುಣವಾಚಕ ಆಮೇಲೆ ಬರುತ್ತದೆ. ಹಾಗೆ ಬಂದಾಗ ಅದರ ಮೊದಲ ಅಕ್ಷರ ಮೆತ್ತಗಾಗುತ್ತದೆ. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ.

ಇದನ್ನು ಎಲ್ಲೋ ಓದಿದ ಹಾಗಿದೆ ಅಲ್ವಾ? ಮಳೆಯ ಜೊತೆ ಕಾಲ ಸೇರಿದರೆ ಮಳೆಗಾಲ. ಬೆಟ್ಟಕ್ಕೆ ತಾವರೆ ಸೇರಿದರೆ ಬೆಟ್ಟದಾವರೆ. ಕಣ್ಣಿಗೆ ಪನಿ ಸೇರಿದರೆ ಕಂಬನಿ. ಶಾಲೆಯಲ್ಲಿ ಕಲಿತ ಆದೇಶ ಸಂಧಿಯ ಅದೇ ಮೂರು ಬದಲಾವಣೆ! ನನಗೆ ಇದು ಹೊಳೆದ ದಿನ ತುಂಬಾ ಖುಷಿಯಾಗಿತ್ತು. ಒಂದೇ ವ್ಯತ್ಯಾಸ: ನಮ್ಮಲ್ಲಿ ಎರಡು ಪದ ಅಂಟಿಕೊಂಡಾಗ ಹೀಗಾಗುತ್ತದೆ, ಅಲ್ಲಿ ಪದಗಳು ಬಿಡಿಬಿಡಿಯಾಗಿದ್ದರೂ ಆಗುತ್ತದೆ.

ಟೋಲ್ಕಿನ್ ಇದಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ವೆಲ್ಷ್ ಭಾಷೆಯನ್ನು. ಕಾರ್ಡಿಫ್ ಊರಿಗೆ ವೆಲ್ಷ್‌ನಲ್ಲಿ ‘ಕೈರ್‌ದೀದ್’ ಎಂಬ ಹೆಸರು. ‘ಕಾರ್ಡಿಫ್‌ಗೆ’ ಎನ್ನಬೇಕಾದರೆ ಅದು ‘ಇ ಗೈರ್‌ದೀದ್’ ಆಗುತ್ತದೆ.

ಹಾಗಾಗಿ ಹೆಸರಿನ ಎರಡನೇ ಪದ ಗ ಅಕ್ಷರದಿಂದ ಶುರುವಾಗಿ, ಪಟ್ಟಿಯಲ್ಲಿ ಸಿಗದಿದ್ದರೆ ಕ ಹಾಕಿ ಹುಡುಕಿ. ಇಂಗ್ಲಿಷ್ ಅಕ್ಷರದಲ್ಲಿ ಅದು ‘ಸಿ’ ಎಂದು ಬರೆದಿರುತ್ತದೆ, ಓದುವುದು ಮಾತ್ರ ಯಾವಾಗಲೂ ಕ.

ಹಾಗಾದರೆ ಅದೇ ಕಥೆಯಲ್ಲಿ ಬರುವ ನಗರ ‘ಮಿನಸ್ ತಿರಿಥ್’ ಯಾಕೆ ‘ದಿರಿಥ್’ ಆಗಲಿಲ್ಲ? ಒಳ್ಳೇ ಅನುಮಾನ. ‘ತಿರಿಥ್’ ಗುಣವಾಚಕ ಅಲ್ಲ, ಕಾವಲು ಎಂಬ ನಾಮಪದ. ‘ಕಾವಲಿನ ಗೋಪುರ’ ಎಂದು ಸಂಬಂಧ ಹೇಳುವಾಗ ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ. ರೋಹನ್ ನಾಡಿನ ಹಳೇ ಹೆಸರು ‘ಕಲೆನರ್ಧೊನ್’, ಹಸಿರು ಸೀಮೆ. ಅಲ್ಲಿ ಹಸಿರೇ ಮೊದಲು ಬಂದಿರುವುದರಿಂದ ಕ ಹಾಗೇ ಉಳಿದಿದೆ.

ಇನ್ನು ಕಥೆಯ ಗೊಂಡೋರ್ ನಾಡಿನ ‘ಪಿನ್ನಥ್ ಗೆಲಿನ್’ ನೋಡಿ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು. ಅರ್ಥ ‘ಹಸಿರು ಗುಡ್ಡಗಳು’. ಗುಡ್ಡಗಳು ಬಹುವಚನ, ಆದ್ದರಿಂದ ಹಸಿರೂ ಬಹುವಚನ. ಸಿಂಡರಿನ್‌ನಲ್ಲಿ ಬಹುವಚನ ಮಾಡುವಾಗ ಎಷ್ಟೋ ಸಲ ಪದದ ಒಳಗಿನ ಸ್ವರಗಳೇ ಬದಲಾಗುತ್ತವೆ. ಕಲೆನ್ ಮೊದಲು ‘ಕೆಲಿನ್’ ಆಯಿತು. ಗುಡ್ಡಗಳ ನಂತರ ಬಂದದ್ದರಿಂದ ‘ಗೆಲಿನ್’ ಆಯಿತು.