ಕಣ್ಣುಗುಡ್ಡೆ ನಡುವೆ ನಿಂತರೆ ಮಗು ‘ಡೀಪ್’ ಆಯಿತೇ?

ಪ್ರಶ್ನೆ: ಮಕ್ಕಳಿಗೆ ಸೆವೊಫ್ಲುರೇನ್ (ಉಸಿರಿನ ಮೂಲಕ ಕೊಡುವ ಅರಿವಳಿಕೆ ಗ್ಯಾಸ್) ಕೊಡುವಾಗ ಕಣ್ಣುಗುಡ್ಡೆ ನಡುವೆ ಬಂದು ನಿಂತರೆ ಅರಿವಳಿಕೆ ಸಾಕಷ್ಟು ಆಳಕ್ಕೆ ಇಳಿದಿದೆ ಎಂದುಕೊಳ್ಳಬಹುದೇ?

ಉತ್ತರ: ಮಾಸ್ಕ್ ಇಂಡಕ್ಷನ್‌ನಲ್ಲಿ, ಅಂದರೆ ಮುಖಕ್ಕೆ ಮಾಸ್ಕ್ ಇಟ್ಟು ಗ್ಯಾಸ್ ಕೊಟ್ಟು ಅರಿವಳಿಕೆಗೆ ಇಳಿಸುವಾಗ, ಸ್ನಾಯು ಸಡಿಲಿಸುವ ಮದ್ದು ಇನ್ನೂ ಒಳಗೆ ಹೋಗಿಲ್ಲದಾಗ, ಐವಿ (ರಕ್ತನಾಳಕ್ಕೆ ಮದ್ದು ಕೊಡುವ ಕೊಳವೆ) ಹಾಕಲು ಹೊತ್ತಾಯಿತೇ ಎಂದು ತಿಳಿಯಲು ಅದು ಒಳ್ಳೆಯ ಗುರುತು. ಅಷ್ಟೇ. ಅರಿವಳಿಕೆ ಕಲಿಯಲು ಬರುವ ಪ್ರತಿ ಹೊಸ ಬ್ಯಾಚ್‌ಗೂ ಇದನ್ನೇ ಹೇಳುತ್ತೇವೆ. ಆದರೂ ‘ಕಣ್ಣು ಸೆಂಟ್ರಲ್ ಇದೆ, ಶುರು ಮಾಡಿ ಸರ್’ ಎನ್ನುವುದು ನಿಂತಿಲ್ಲ.

ಶೇ 8ರ ಸೆವೊಫ್ಲುರೇನ್ ಉಸಿರಾಡುತ್ತಿರುವ ಮಗುವಿನ ರೆಪ್ಪೆಗೂದಲು ಸವರಿ ನೋಡಿ. ಸುಮಾರು ಒಂದು ನಿಮಿಷದಲ್ಲಿ ರೆಪ್ಪೆ ಮಿಟುಕುವುದು ನಿಲ್ಲುತ್ತದೆ. ಆಗ ಮೇಲ್ರೆಪ್ಪೆ ಎತ್ತಿದರೆ ಗುಡ್ಡೆಗಳು ಮೇಲಕ್ಕೆ ಸರಿದಿರುತ್ತವೆ, ಇಲ್ಲವೇ ಒಂದೊಂದು ಒಂದೊಂದು ಕಡೆಗೆ ನಿಧಾನವಾಗಿ ತೇಲುತ್ತಿರುತ್ತವೆ. ಪಾಪೆ ಹಿಗ್ಗಿರುತ್ತದೆ, ಉಸಿರು ಏರುಪೇರಾಗಿರುತ್ತದೆ. ಇದು ಉದ್ರೇಕದ ಹಂತ. ಈಗ ಸೂಜಿ ಚುಚ್ಚಿದರೆ ಸ್ವರತಂತುಗಳು ಬಿಗಿದುಕೊಂಡು ಲಾರಿಂಜೊಸ್ಪಾಸ್ಮ್ (ಗಂಟಲು ಮುಚ್ಚಿ ಉಸಿರು ಕಟ್ಟುವುದು) ಆಗಬಹುದು, ಅದೂ ಮದ್ದು ಕೊಡಲು ಐವಿ ಇಲ್ಲದ ಹೊತ್ತಿನಲ್ಲಿ. ಇನ್ನೆರಡು–ಮೂರು ನಿಮಿಷ ಕಾಯಿರಿ. ಗುಡ್ಡೆಗಳು ನಡುವೆ ಬಂದು ನಿಲ್ಲುತ್ತವೆ, ಪಾಪೆ ಕಿರಿದಾಗುತ್ತದೆ, ಉಸಿರು ಒಂದೇ ಸಮನಾಗುತ್ತದೆ. ಮೂರೂ ಕೂಡಿ ಬಂದಾಗ ಐವಿ ಕ್ಯಾನುಲಾ ಹಾಕಿ. ಎರಡೂ ಕಣ್ಣು ನೋಡಲೇಬೇಕು. ಒಂದನ್ನೇ ನೋಡಿದರೆ ಇನ್ನೊಂದು ಹೊರಕ್ಕೆ ಜಾರಿರುವುದು ತಿಳಿಯುವುದಿಲ್ಲ. ಮೆಳ್ಳೆಗಣ್ಣಿನ ಮಗುವಿನಲ್ಲಿ ಈ ಗುರುತನ್ನು ಅಷ್ಟಾಗಿ ನಂಬಬೇಡಿ.

ಇನ್ನು ‘ನಡುವೆ ಇದ್ದರೆ ಆಳ’ ಎಂಬ ಆ ಹಟಮಾರಿ ನಂಬಿಕೆ. ಪೂರ್ತಿ ಎಚ್ಚರವಿರುವ ಮಗುವಿನ ಕಣ್ಣೂ ನಡುವೆಯೇ ಇರುತ್ತದೆ. ಅತಿಯಾಗಿ ಗ್ಯಾಸ್ ಹೋಗಿ ರಕ್ತದೊತ್ತಡ ಕುಸಿಯುತ್ತಿರುವ ಮಗುವಿನದೂ ನಡುವೆಯೇ. ಸ್ನಾಯು ಸಡಿಲಿಸುವ ಅಟ್ರಾಕುರಿಯಂ, ರೊಕುರೋನಿಯಂ ಕೊಟ್ಟ ಮೇಲೆ ಗುಡ್ಡೆಯನ್ನು ತಿರುಗಿಸುವ ಸ್ನಾಯುಗಳೇ ಕೆಲಸ ಮಾಡುವುದಿಲ್ಲ. ಮಗು ಒಳಗೊಳಗೇ ಎಚ್ಚರಗೊಳ್ಳುತ್ತಿದ್ದರೂ ಕಣ್ಣು ಅದನ್ನು ತೋರಿಸಲಾರದು. ಕೆಟಮಿನ್ ಎಂಬ ಇನ್ನೊಂದು ಅರಿವಳಿಕೆ ಮದ್ದು ಕೊಟ್ಟರೆ ರೆಪ್ಪೆ ತೆರೆದೇ ಇರುತ್ತದೆ, ಗುಡ್ಡೆ ಅತ್ತಿತ್ತ ಅದುರುತ್ತದೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಪಾಪೆಯನ್ನು ನಂಬೋಣವೆಂದರೆ ನೋವು ತಡೆಯುವ ಫೆಂಟನಿಲ್ ಅದನ್ನು ಕಿರಿದಾಗಿಸುತ್ತದೆ, ನಾಡಿ ಏರಿಸುವ ಅಟ್ರೊಪಿನ್ ಹಿಗ್ಗಿಸಬಹುದು.

ಕಣ್ಣುಗುಡ್ಡೆಯ ಚಲನೆ ನೋಡಿ ಆಳ ಅಳೆಯುವ ಪಟ್ಟಿಯನ್ನು ಅಮೆರಿಕದ ಅರಿವಳಿಕೆ ವೈದ್ಯ ಆರ್ಥರ್ ಗುಡೆಲ್ ಪ್ರಕಟಿಸಿದ್ದು 1920ರಲ್ಲಿ. ಅದು ಅಂದಿನ ಅರಿವಳಿಕೆ ಮದ್ದಾದ ಈಥರ್‌ಗೆ, ತಾನಾಗಿ ಉಸಿರಾಡುವ ರೋಗಿಗೆ ಮಾಡಿದ ಪಟ್ಟಿ. ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸುವ ಕುರಾರೆ ಬಳಕೆಗೆ ಬಂದದ್ದೇ 1942ರಲ್ಲಿ. ಗುಡೆಲ್ ಅವರ ಪಟ್ಟಿ ತಪ್ಪಲ್ಲ. ಅದನ್ನು ಸ್ನಾಯು ಸಡಿಲಿಸಿದ ಮಗುವಿಗೆ ಹಚ್ಚುವುದು ತಪ್ಪು.

ಆಳ ಎನ್ನುವುದು ಏನು ಮಾಡಲು ಹೊರಟಿದ್ದೀರಿ ಎಂಬುದರ ಮೇಲೂ ನಿಂತಿದೆ. ಕ್ಯಾನುಲಾಕ್ಕೆ ಸಾಕಾದ ಆಳ ಶ್ವಾಸನಾಳಕ್ಕೆ ಟ್ಯೂಬ್ ಹಾಕಲು ಸಾಲದು. ಆಪರೇಷನ್ ನಡೆಯುವಾಗ ಉಸಿರು ಬಿಡುವ ಗಾಳಿಯಲ್ಲಿರುವ ಸೆವೊಫ್ಲುರೇನ್ ಪ್ರಮಾಣ, ನಾಡಿ, ರಕ್ತದೊತ್ತಡ ಇವುಗಳನ್ನು ಒಟ್ಟಿಗೆ ನೋಡಿ. ವಯಸ್ಸನ್ನೂ ಮರೆಯಬೇಡಿ: ಸೆವೊಫ್ಲುರೇನ್‌ನ ಮ್ಯಾಕ್ (ಕೊಯ್ದಾಗ ಅರ್ಧದಷ್ಟು ರೋಗಿಗಳು ಅಲುಗದಿರಲು ಬೇಕಾದ ಗ್ಯಾಸ್ ಪ್ರಮಾಣ) ನವಜಾತ ಶಿಶುವಿಗೆ ಸುಮಾರು ಶೇ 3.3, ಆರು ತಿಂಗಳು ದಾಟಿದ ಮಕ್ಕಳಿಗೆ ಸುಮಾರು ಶೇ 2.5. ಇನ್ನೊಂದು ಅಪಾಯಕಾರಿ ತಪ್ಪೆಂದರೆ ಕಣ್ಣು ನಡುವೆ ಬಂದ ಮೇಲೂ ಗ್ಯಾಸ್ ಡಯಲ್ ಅನ್ನು ಶೇ 8ರಲ್ಲೇ ಬಿಟ್ಟು, ಉಸಿರು ಕೊಡುವ ಬ್ಯಾಗ್ ಒತ್ತುತ್ತಿರುವುದು. ತಾನಾಗಿ ಉಸಿರಾಡುವ ಮಗು ಆಳಕ್ಕೆ ಹೋದಂತೆ ಉಸಿರು ತಗ್ಗಿಸಿ ತನ್ನನ್ನು ಸ್ವಲ್ಪ ಕಾಪಾಡಿಕೊಳ್ಳುತ್ತದೆ. ಬ್ಯಾಗ್ ಒತ್ತಿದಾಗ ಆ ತಡೆಯೂ ಇರುವುದಿಲ್ಲ. ಎಳೆಗೂಸುಗಳಲ್ಲಿ ನಾಡಿ ಬೇಗ ಇಳಿಯುತ್ತದೆ.

ಯಾರೂ ಕೇಳದಿದ್ದರೂ ಹೇಳಲೇಬೇಕಾದದ್ದು: ಕಣ್ಣು ಹೆಚ್ಚು ಉಪಯೋಗಕ್ಕೆ ಬರುವುದು ಮಗು ಏಳುವ ಹೊತ್ತಿನಲ್ಲಿ. ಗ್ಯಾಸ್ ನಿಲ್ಲಿಸಿದ ಮೇಲೆ ಮಗು ಅದೇ ಉದ್ರೇಕದ ಹಂತವನ್ನು ಮತ್ತೆ ದಾಟಿ ಬರುತ್ತದೆ. ಕೆಮ್ಮು ಬಂತೆಂದು ಟ್ಯೂಬ್ ಎಳೆಯಬೇಡಿ. ರೆಪ್ಪೆ ಎತ್ತಿದಾಗ ಗುಡ್ಡೆಗಳು ಬೇರೆ ಬೇರೆ ಕಡೆ ತೇಲುತ್ತಿದ್ದರೆ ಸಕ್ಷನ್ (ಬಾಯಿಯ ಜೊಲ್ಲು ಹೀರಿ ತೆಗೆಯುವುದು) ಕೂಡ ಬೇಡ, ಕೈ ತೆಗೆದು ಕಾಯಿರಿ. ಮಗು ತಾನಾಗಿ ಕಣ್ಣು ತೆರೆದು, ಎರಡೂ ಕಣ್ಣು ಒಟ್ಟಿಗೆ ತಿರುಗಿ, ಕೈ ಟ್ಯೂಬಿನತ್ತ ಹೋದಾಗ ತೆಗೆಯಿರಿ. ಡೀಪ್ ಆಗಿರುವಾಗಲೇ ತೆಗೆಯುವುದಾದರೆ ಗ್ಯಾಸ್ ಇಳಿಸುವ ಮೊದಲೇ, ಸಕ್ಷನ್ ಮುಗಿಸಿ ತೆಗೆಯಿರಿ. ಇದಕ್ಕೆಲ್ಲ ಕಣ್ಣು ಕಾಣಬೇಕಲ್ಲ: ಕಾರ್ನಿಯಾ ಒಣಗದಂತೆ ಹಚ್ಚಿದ ಟೇಪನ್ನು ಆಗ ಮೇಲ್ರೆಪ್ಪೆಯಿಂದ ಕೆಳಕ್ಕೆ ಮೆಲ್ಲಗೆ ಬಿಡಿಸಿ, ರೆಪ್ಪೆಗೂದಲು ಕಿತ್ತು ಬರದಂತೆ.