ಎಣಿಕೆ ಡಿಜಿಟಲ್, ದನಿ ಅನಲಾಗ್

ಜಪಾನಿನ ರೋಲ್ಯಾಂಡ್ ಕಂಪನಿ 1982ರಲ್ಲಿ ಜೂನೋ-6 ಸಿಂಥಸೈಜರನ್ನು ಮಾರುಕಟ್ಟೆಗೆ ತಂದಾಗ ಅದರ ಮುಖಫಲಕದ ಮೇಲೆ ‘ಡಿಸಿಒ’ ಎಂದು ಅಚ್ಚಾಗಿತ್ತು. ಡಿಜಿಟಲ್ ನಿಯಂತ್ರಣದ ಆಸಿಲೇಟರ್ (ನಾದದ ಅಲೆಯನ್ನು ಹುಟ್ಟಿಸುವ ಮಂಡಲ) ಎಂಬುದರ ಈ ಸಂಕ್ಷೇಪವನ್ನು ಕಂಡು ಆ ವಾದ್ಯದ ನಾದವೇ ಡಿಜಿಟಲ್ ಎಂದು ಇಂದಿಗೂ ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಅಲ್ಲಿ ಅಲೆ ಹುಟ್ಟುವುದು ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್‌ನಲ್ಲಿ, ಅಂದರೆ ಸಂಖ್ಯೆಗಳಿಂದಲ್ಲ, ನಿರಂತರವಾಗಿ ಬದಲಾಗುವ ವೋಲ್ಟೇಜಿನಿಂದ; ಅನಲಾಗ್ ಎಂದರೆ ಇದೇ. ಆ ಅಲೆ ಯಾವ ಕ್ಷಣದಲ್ಲಿ ಮುಗಿಯಬೇಕು ಎಂಬುದನ್ನಷ್ಟೇ ಡಿಜಿಟಲ್ ಭಾಗ ನಿರ್ಧರಿಸುತ್ತದೆ.

ಅದಕ್ಕೂ ಹಿಂದಿನ ವಾದ್ಯಗಳಲ್ಲಿ ಸ್ವರದ ಎತ್ತರವನ್ನು ವೋಲ್ಟೇಜ್ ನಿರ್ಧರಿಸುತ್ತಿತ್ತು. ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು ಎಂಬ ಲೆಕ್ಕವನ್ನು ಟ್ರಾನ್ಸಿಸ್ಟರ್‌ಗಳ ಜೋಡಿಯೊಂದು ನಡೆಸಿಕೊಡುತ್ತಿತ್ತು. ಆದರೆ ಪರಿಹಾರದ ವ್ಯವಸ್ಥೆ ಇಲ್ಲದಿದ್ದರೆ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಬದಲಾದಾಗ ಆ ಲೆಕ್ಕ ಸುಮಾರು ಶೇ. 0.33ರಷ್ಟು ತಪ್ಪುತ್ತದೆ. 1978ರ ಪ್ರಾಫೆಟ್-5 ವಾದ್ಯದಲ್ಲಿ ಒಂದು ಗುಂಡಿ ಒತ್ತಿದರೆ ಮೈಕ್ರೊಪ್ರೊಸೆಸರ್ ಎಲ್ಲ ಆಸಿಲೇಟರ್‌ಗಳ ಶ್ರುತಿಯನ್ನು ಅಳೆದು ಸರಿಪಡಿಸುತ್ತಿತ್ತು. ರೋಗಕ್ಕೆ ಮದ್ದೇನೋ ಸಿಕ್ಕಿತು, ಆದರೆ ರೋಗ ಉಳಿದೇ ಇತ್ತು.

ಡಿಸಿಒ ಬೇರನ್ನೇ ಕಿತ್ತಿತು. 1984ರ ಜೂನೋ-106ರಲ್ಲಿ ಸ್ಫಟಿಕದ ಗಡಿಯಾರದಿಂದ ಬರುವ ಮಿಡಿತಗಳನ್ನು 8253 ಎಂಬ, ಕಂಪ್ಯೂಟರುಗಳಲ್ಲೂ ಬಳಕೆಯಲ್ಲಿದ್ದ ಟೈಮರ್ ಚಿಪ್ ಎಣಿಸುತ್ತದೆ. ಗಡಿಯಾರ ಸೆಕೆಂಡಿಗೆ ಹತ್ತು ಲಕ್ಷ ಸಲ ಮಿಡಿಯುತ್ತದೆ ಎಂದಿಟ್ಟುಕೊಂಡರೆ, 2273 ಮಿಡಿತಗಳಿಗೊಮ್ಮೆ ಒಂದು ಸಂಜ್ಞೆ ಹೊರಟಾಗ ಸಿಗುವ ಸ್ವರ 439.95 ಹರ್ಟ್ಜ್, 440 ಹರ್ಟ್ಜ್‌ಗೂ ಅದಕ್ಕೂ ಇರುವ ವ್ಯತ್ಯಾಸ ಕಿವಿಗೆ ತಿಳಿಯದು. ಕೆಪಾಸಿಟರ್ ಒಂದೇ ಸಮನಾದ ವಿದ್ಯುತ್ತಿನಿಂದ ತುಂಬುತ್ತಾ ಹೋದಂತೆ ಅದರ ವೋಲ್ಟೇಜ್ ನೇರ ಗೆರೆಯಾಗಿ ಏರುತ್ತದೆ, ಸಂಜ್ಞೆ ಬಂದೊಡನೆ ಟ್ರಾನ್ಸಿಸ್ಟರ್ ಅದನ್ನು ಬರಿದು ಮಾಡುತ್ತದೆ, ಮತ್ತೆ ಏರಿಕೆ ಆರಂಭವಾಗುತ್ತದೆ. ಗರಗಸದ ಹಲ್ಲಿನಾಕಾರದ ಅಲೆ ಎಂದರೆ ಇದೇ.

ಇಲ್ಲೊಂದು ತೊಡಕಿದೆ, ನನ್ನ ದೃಷ್ಟಿಯಲ್ಲಿ ಈ ವಿನ್ಯಾಸದ ಅತ್ಯಂತ ಸೊಗಸಾದ ಭಾಗವೂ ಅದೇ. ಸ್ವರ ಒಂದು ಸ್ಥಾಯಿ ಏರಿದರೆ ಕೆಪಾಸಿಟರ್‌ಗೆ ತುಂಬಲು ಸಿಗುವ ಕಾಲ ಅರ್ಧವಾಗುತ್ತದೆ; ಅಲೆಯ ಎತ್ತರವೂ ಅರ್ಧಕ್ಕಿಳಿದು ಮೇಲಿನ ಸ್ವರಗಳು ಸೊರಗುತ್ತವೆ. ಆದ್ದರಿಂದ ಪ್ರೊಸೆಸರ್ ಎಣಿಕೆಯ ಸಂಖ್ಯೆಯ ಜೊತೆಗೆ ಒಂದು ವೋಲ್ಟೇಜನ್ನೂ ಕಳುಹಿಸಿ, ಸ್ವರ ಏರಿದಷ್ಟೂ ತುಂಬುವ ವಿದ್ಯುತ್ತನ್ನು ಹೆಚ್ಚಿಸುತ್ತದೆ. ಹಳೆಯ ಅನಲಾಗ್ ತಪ್ಪುಗಳೆಲ್ಲ ಈಗ ಈ ವೋಲ್ಟೇಜಿನೊಳಗೆ ಬಂದು ಕೂರುತ್ತವೆ, ಆದರೆ ಅವು ಶ್ರುತಿಯನ್ನು ಮುಟ್ಟಲಾರವು. ಅಬ್ಬಬ್ಬಾ ಎಂದರೆ ದನಿಯ ಗಟ್ಟಿತನ ತುಸು ಹೆಚ್ಚುಕಡಿಮೆಯಾಗುತ್ತದೆ, ಅಷ್ಟನ್ನು ಕಿವಿ ಸಹಿಸಿಕೊಳ್ಳುತ್ತದೆ.

ಪೂರ್ಣಾಂಕಗಳಲ್ಲೇ ಎಣಿಸಬೇಕಾದ್ದರಿಂದ ಮಿತಿಯೂ ಉಂಟು. ಅದೇ ಗಡಿಯಾರದಲ್ಲಿ 250ರ ಎಣಿಕೆ 4000 ಹರ್ಟ್ಜ್ ಕೊಟ್ಟರೆ 249ರದ್ದು 4016ಕ್ಕೆ ಜಿಗಿಯುತ್ತದೆ, ನಡುವೆ ಏನೂ ಇಲ್ಲ; ಮೇಲಿನ ಸ್ಥಾಯಿಗಳಿಗೆ ಹೆಚ್ಚು ವೇಗದ ಗಡಿಯಾರ ಬೇಕಾಗುವುದು ಇದಕ್ಕಾಗಿ. ಜೂನೋ ಒಟ್ಟಿಗೆ ನುಡಿಸಬಲ್ಲ ಆರು ದನಿಗಳೂ ಒಂದೇ ಗಡಿಯಾರವನ್ನು ನೆಚ್ಚಿರುವುದರಿಂದ ಅವುಗಳ ನಡುವೆ ಶ್ರುತಿಭೇದವೇ ಇರುವುದಿಲ್ಲ, ಮತ್ತು ದನಿಗೊಂದೇ ಆಸಿಲೇಟರ್ ಇರುವ ಜೂನೋದಲ್ಲಿ ಈ ಅಚ್ಚುಕಟ್ಟುತನ ಸಪ್ಪೆಯೆನಿಸುವ ಅಪಾಯವಿತ್ತು. ಅದನ್ನು ತುಂಬಿಕೊಡಲು ರೋಲ್ಯಾಂಡ್ ಕೊನೆಯ ಹಂತದಲ್ಲಿ ಕೋರಸ್ ಮಂಡಲವೊಂದನ್ನು ಜೋಡಿಸಿತು. ಅದು ನಾದದ ಪ್ರತಿಯನ್ನು ತುಸು ತಡಮಾಡಿ, ಆ ತಡವನ್ನೇ ಹಿಗ್ಗಿಸಿ ಕುಗ್ಗಿಸಿ, ಎಣಿಕೆ ಅಳಿಸಿಹಾಕಿದ್ದ ಸಣ್ಣ ಶ್ರುತಿವ್ಯತ್ಯಾಸವನ್ನು ಬೇಕಾದಷ್ಟೇ ಮರಳಿ ಬೆರೆಸುತ್ತದೆ.